ಉದ್ರಿ ಪುಸ್ತಕ ಮತ್ತು ಒಂದು ತುಂಡು ಸಜ್ಜೆ ರೊಟ್ಟಿ

ನಮ್ಮ ಕ್ರೈಸ್ತ ಸಭೆಯಲ್ಲಿ ತಿಂಗಳ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಸಾಕ್ಷಿ ಹೇಳುವ, ಎಂದರೆ ದೇವರು ತನ್ನ ಬದುಕನ್ನು ಹೇಗೆ ಬದಲಿಸಿದನೆಂದು ಎಲ್ಲರ ಮುಂದೆ ಹೇಳುವ, ಪದ್ಧತಿ ಇದೆ. ನನಗೆ ದೀಕ್ಷಾಸ್ನಾನವಾದ ಮೊದಲ ಎರಡು ವರ್ಷ ನನ್ನನ್ನು ಮತ್ತೆ ಮತ್ತೆ ಮುಂದೆ ಕರೆದರು, ಏಕೆಂದರೆ ಜನ ಕಿವಿಗೊಟ್ಟು ಕೇಳುವಂಥ ಕಥೆ ನನ್ನ ಬಳಿ ಇತ್ತು. ರಾಯಚೂರು ಜಿಲ್ಲೆಯ ಒಂದು ಊರಿನ ಸಾರಾಯಿ ಅಂಗಡಿಯಲ್ಲಿ ಒಂಬತ್ತು ವರ್ಷ ಗಲ್ಲಾದ ಮೇಲೆ ಕೂತು ಲೆಕ್ಕ ಬರೆದವನು ನಾನು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ಅಂಗಡಿ ಮುಚ್ಚಿತು, ಕೆಲಸ ಹೋಯಿತು, ಆ ಖಾಲಿ ದಿನಗಳಲ್ಲಿಯೇ ದೇವರ ವಾಕ್ಯ ನನ್ನನ್ನು ಹಿಡಿಯಿತು. ಈ ಕಥೆಯನ್ನು ಹೇಳಿದಂತೆಲ್ಲ ಅದಕ್ಕೆ ಬಣ್ಣ ಏರುತ್ತ ಹೋಯಿತು. ಕೇಳಿದವರು ಹಲ್ಲೆಲೂಯಾ ಎಂದರು, ಕೆಲವರು ಕಣ್ಣೊರೆಸಿಕೊಂಡರು, ಆಮೇಲೆ ಎಲ್ಲರೂ ಊಟಕ್ಕೆ ಮನೆಗೆ ಹೋದರು. ಮೂರನೆಯ ವರ್ಷ ನಾನು ಪಾಸ್ಟರ್ ಅವರ ಬಳಿ ಹೋಗಿ, ಇನ್ನು ಮೇಲೆ ಸಾಕ್ಷಿಗೆ ನನ್ನ ಹೆಸರು ಬರೆಯಬೇಡಿರಿ ಎಂದು ಕೇಳಿಕೊಂಡೆ. ಸಾಕ್ಷಿ ಹೇಳುವುದು ತಪ್ಪೆಂದು ಆಗಲೂ ಅನಿಸಿರಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ದೇವರು ಒಬ್ಬ ಮನುಷ್ಯನ ಹಿಂದಿನ ಬದುಕನ್ನು ತನ್ನ ಸೇವೆಗೆ ತೆಗೆದುಕೊಳ್ಳುವುದೆಂದರೆ ಅದನ್ನು ಹತ್ತು ಜನರ ಮುಂದೆ ಹೇಳಿಸುವುದಷ್ಟೇ ಎನ್ನುವುದಾದರೆ ಅದು ತೀರ ಚಿಕ್ಕ ಕೆಲಸವಾಯಿತಲ್ಲ ಎಂಬ ಕೊರಗು ನನ್ನನ್ನು ಬಹಳ ದಿನ ಕಾಡಿತು.

ಆ ಕೊರಗಿಗೆ ಉತ್ತರ ಸಿಕ್ಕಿದ್ದು ಸಂಸ್ಕೃತ ವಿದುಷಿಯೂ ಸಮಾಜ ಸುಧಾರಕಿಯೂ ಆಗಿದ್ದ ಪಂಡಿತಾ ರಮಾಬಾಯಿಯವರ ಬದುಕನ್ನು ಓದಿದಾಗ. ಪುಣೆಯಿಂದ ಸುಮಾರು 60 ಕಿಲೋಮೀಟರು ದೂರದ ಕೇಡಗಾಂವದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಅವರು ಕಟ್ಟಿದ ಆಶ್ರಯ ಮುಕ್ತಿ ಮಿಷನ್ನಿನ ಕಾರಣದಿಂದ ಅವರನ್ನು ಎಲ್ಲರೂ ಮಹಾರಾಷ್ಟ್ರದವರೆಂದೇ ಎಣಿಸುತ್ತಾರೆ. ಅವರು ಹುಟ್ಟಿದ್ದು ಮಾತ್ರ ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಬೆಟ್ಟದ ಮಗ್ಗುಲಿನಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು. ಹೆಂಗಸರು ಸಂಸ್ಕೃತ ಓದಬಾರದೆಂದು ಇಡೀ ಸಮಾಜ ನಂಬಿದ್ದ ಕಾಲದಲ್ಲಿ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತ ಕಲಿಸಿದರು, ಅದಕ್ಕಾಗಿ ಸ್ವಜನರ ವಿರೋಧ ಕಟ್ಟಿಕೊಂಡರು, ಕೊನೆಗೆ ಕಾಡಿನಲ್ಲಿ ಮನೆ ಮಾಡಿದರು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಆ ಮನೆಯೂ ಬಿಟ್ಟುಹೋಯಿತು. ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ ಘಟ್ಟ ಇಳಿಸಿಕೊಂಡು ಬಂದರಂತೆ. ಅಲ್ಲಿಂದ ಮುಂದೆ ಆ ಕುಟುಂಬದ ಬದುಕು ತೀರ್ಥಯಾತ್ರೆಯೇ ಆಯಿತು. ದೇವಸ್ಥಾನದ ಕಟ್ಟೆಯ ಮೇಲೆ ಕೂತು ಪುರಾಣ ಓದುವುದು, ಕೇಳಿದವರು ಇಟ್ಟ ಅಕ್ಕಿ ಕಾಸುಗಳಲ್ಲಿ ಉಣ್ಣುವುದು, ಮುಂದಿನ ಕ್ಷೇತ್ರಕ್ಕೆ ನಡೆಯುವುದು. ಹಾದಿಯಲ್ಲಿಯೇ ತಾಯಿ ಮಗಳಿಗೆ ಸಂಸ್ಕೃತ ಕಲಿಸಿದರು.

1870ರ ದಶಕದ ಬರಗಾಲ ಈ ಮನೆಯ ಮೇಲೆ ಬಿದ್ದಾಗ ಅವರ ಬಳಿ ವಿದ್ಯೆಯಿತ್ತು, ಮಾನವಿತ್ತು, ಹೊಟ್ಟೆಗೆ ಮಾತ್ರ ಏನೂ ಇರಲಿಲ್ಲ. ಕಾಡಿನಲ್ಲಿ ಸೊಪ್ಪು ಸದೆ ತಿಂದು ದಿನ ದೂಡಿದರು. ತಂದೆ ತೀರಿಹೋದರು. ಜ್ವರದಲ್ಲಿ ಬೇಯುತ್ತಿದ್ದ ತಾಯಿಯನ್ನು ಕರೆದುಕೊಂಡು ಮಕ್ಕಳು ರಾಯಚೂರಿಗೆ ಬಂದರು. ಈ ಬರಗಾಲದ ಬಗ್ಗೆ ರಮಾಬಾಯಿ ಮುಂದೆ ಬರೆದ ಬರಹದಲ್ಲಿ ನನ್ನ ಊರಿನ ಹೆಸರು ಮೊದಲ ಸಲ ಕಂಡಾಗ ನಾನು ಪುಸ್ತಕ ಮಡಚಿಟ್ಟು ಎದ್ದು ಹೊರಗೆ ಹೋದೆ. ತಾಯಿ ಸನ್ನಿಯಲ್ಲಿ ಕನವರಿಸುತ್ತ ಒಂದು ತುಂಡು ಸಜ್ಜೆ ರೊಟ್ಟಿ ಕೊಡು ಎಂದು ಕೇಳುತ್ತಿದ್ದರು. ಬೇಡಿ ತಿಂದು ಗೊತ್ತಿಲ್ಲದ ಆ ಹುಡುಗಿ ಕೊನೆಗೆ ಒಂದು ಮನೆಯ ಬಾಗಿಲಿಗೆ ಹೋಗಿ ನಿಂತಳು. ಒಳಗಿನ ಹೆಂಗಸು ಏನು ಬೇಕೆಂದು ಕೇಳಿದಾಗ ಅವಳ ಬಾಯಿಂದ ಮಾತು ಹೊರಡಲಿಲ್ಲ, ಕಣ್ಣಲ್ಲಿ ನೀರು ಬಂತು. ಆ ಹೆಂಗಸು ತಾನಾಗಿ ತಿಳಿದುಕೊಂಡು ಒಂದು ತುಂಡು ರೊಟ್ಟಿ ಕೈಗಿಟ್ಟಳು. ರಮಾ ಅದನ್ನು ತಂದು ತಾಯಿಯ ಬಾಯಿಗೆ ಇಡುವ ಹೊತ್ತಿಗೆ ತಾಯಿಗೆ ನುಂಗುವ ಶಕ್ತಿ ಉಳಿದಿರಲಿಲ್ಲ. ಕೆಲವೇ ದಿನಗಳಲ್ಲಿ ಅವರೂ ಹೋದರು. ಚಟ್ಟ ಹೊರಲು ನಾಲ್ಕು ಜನ ಸಿಗದೆ ಅಣ್ಣನ ಜೊತೆಗೆ ರಮಾಬಾಯಿಯೇ ಒಂದು ಕಡೆ ಹೆಗಲು ಕೊಡಬೇಕಾಯಿತು. ಎತ್ತರ ಸಾಲದೆ ತಲೆಯ ಮೇಲೆ ಹೊತ್ತರು. ಅಕ್ಕನೂ ಉಳಿಯಲಿಲ್ಲ.

ಈ ಊರಿನಲ್ಲಿ ಬೆಳಗಾದರೆ ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ಸಂಕ್ರಾಂತಿಯ ಹೊತ್ತಿಗೆ ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿಯನ್ನು ನಮ್ಮವರು ನೆಂಟರಿಗೆ ಕಟ್ಟಿ ಕಳಿಸುತ್ತಾರೆ. ಆ ರೊಟ್ಟಿ ಕಂಡಾಗಲೆಲ್ಲ ನನಗೆ ಬಾಗಿಲಲ್ಲಿ ಮಾತು ಬಾರದೆ ನಿಂತ ಆ ಹುಡುಗಿಯ ನೆನಪಾಗುತ್ತದೆ.

ಅಣ್ಣ ತಂಗಿ ಇಬ್ಬರೇ ಉಳಿದು ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದ್ದು, ಅಲ್ಲಿನ ವಿದ್ವಾಂಸರು ಆ ಇಪ್ಪತ್ತರ ಹೆಣ್ಣುಮಗಳಿಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟದ್ದು, ಅಣ್ಣನ ಸಾವು, ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರೊಡನೆ ಮದುವೆ, ಎರಡು ವರ್ಷ ತುಂಬುವುದರೊಳಗೆ 1882ರಲ್ಲಿ ಕಾಲರಾ ಬಂದು ಗಂಡನ ಸಾವು, ಕೈಯಲ್ಲಿ ಹಸುಗೂಸು ಮನೋರಮಾ, ಇವೆಲ್ಲ ಬಹಳ ಜನರಿಗೆ ಗೊತ್ತಿರುವ ಸಂಗತಿಗಳು. ಮರುವರ್ಷ ಅವರು ಇಂಗ್ಲೆಂಡಿಗೆ ಹೋದರು, 1883ರ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ಮಗಳೊಡನೆ ದೀಕ್ಷಾಸ್ನಾನ ಪಡೆದರು. ಅಲ್ಲಿ ಅವರ ಮನಸ್ಸನ್ನು ತಿರುಗಿಸಿದ್ದು ಯಾವ ತರ್ಕವೂ ಆಗಿರಲಿಲ್ಲ. ಸಮಾಜ ಕೆಟ್ಟವರೆಂದು ಹೊರಗೆ ಹಾಕಿದ ಹೆಂಗಸರನ್ನು ಲಂಡನ್ನಿನ ಫುಲ್ಹಾಮಿನಲ್ಲಿ ಕ್ರೈಸ್ತ ಸನ್ಯಾಸಿನಿಯರು ಕರೆತಂದು ನೋಡಿಕೊಳ್ಳುತ್ತಿದ್ದ ಮನೆಯೊಂದನ್ನು ಅವರು ಕಂಡರು. ಇವರನ್ನು ನೀವು ಏಕೆ ನೋಡಿಕೊಳ್ಳುತ್ತೀರಿ ಎಂದು ಕೇಳಿದಾಗ ಒಬ್ಬ ಸನ್ಯಾಸಿನಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ ತೆಗೆದು, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಭಾಗವನ್ನು ಓದಿ ಹೇಳಿದರು.

ಆ ಅಧ್ಯಾಯವನ್ನು ನಾವು ಅವಸರದಲ್ಲಿ ಓದುತ್ತೇವೆ ಎಂದು ನನಗೆ ಅನಿಸುತ್ತದೆ. ಐದು ಗಂಡಂದಿರ ಆ ಹೆಂಗಸು ಕೊಡವನ್ನು ಬಾವಿಯ ಹತ್ತಿರವೇ ಬಿಟ್ಟು ಊರೊಳಗೆ ಓಡಿ ಹೇಳಿದ ಮಾತು ಯಾವುದು? ನಾನು ಮಾಡಿದ್ದನ್ನೆಲ್ಲ ನನಗೆ ಹೇಳಿದವನನ್ನು ಬಂದು ನೋಡಿರಿ ಎಂದಳು. ಯಾರ ಕಣ್ಣು ತಪ್ಪಿಸಲೆಂದೋ ನಡು ಮಧ್ಯಾಹ್ನ ನೀರಿಗೆ ಬಂದವಳು ಅದೇ ಜನರ ಮನೆ ಬಾಗಿಲಿಗೆ ಹೋದಳು. ಮುಚ್ಚಿಡಬೇಕಾಗಿದ್ದ ಅವಳ ಬದುಕೇ ಊರಿನವರು ಯೇಸುವಿನ ಬಳಿಗೆ ಬರುವ ದಾರಿಯಾಯಿತು. ಆದರೆ ಸುವಾರ್ತೆಯಲ್ಲಿ ಅವಳ ಗಂಡಂದಿರ ವಿವರ ಒಂದೇ ಸಾಲು. ಬಂದು ನೋಡಿರಿ ಎಂಬುದರಲ್ಲೇ ಅವಳ ಪೂರ್ತಿ ಲಕ್ಷ್ಯ.

ಮತ್ತೆ ರಮಾಬಾಯಿಯವರ ವಿಷಯಕ್ಕೆ ಬರುತ್ತೇನೆ. ವಿಧವೆಯರಿಗಾಗಿ 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು, ಮರುವರ್ಷ ಅದು ಪುಣೆಗೆ ಹೋಯಿತು. ತಾನೇ ವಿಧವೆಯಾಗಿದ್ದವರು ವಿಧವೆಯರಿಗೆ ಮನೆ ಕಟ್ಟಿದ್ದು ಎಲ್ಲರ ಕಣ್ಣಿಗೂ ಕಾಣುವ ಸಂಬಂಧ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು 1896ರಲ್ಲಿ ನಡೆದದ್ದು. ಆ ವರ್ಷ ಮಧ್ಯಪ್ರಾಂತದಲ್ಲಿ ಬರಗಾಲ ಬಿತ್ತೆಂಬ ಸುದ್ದಿ ಬಂದಾಗ ರಮಾಬಾಯಿ ತಾವೇ ಅಲ್ಲಿಗೆ ಹೋದರು. ಗಂಜಿ ಕೇಂದ್ರಗಳನ್ನೂ ಬಡವರ ಶಿಬಿರಗಳನ್ನೂ ನೋಡಿದರು, ದಿಕ್ಕಿಲ್ಲದ ಹುಡುಗಿಯರ ಸುತ್ತ ಎಂಥ ಜನ ಹೊಂಚುಹಾಕುತ್ತಿದ್ದಾರೆಂಬುದನ್ನೂ ಕಂಡರು, ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಕೇಡಗಾಂವದ ಹೊಲದಲ್ಲಿ ಮುಕ್ತಿ ಎದ್ದು ನಿಂತದ್ದು ಹೀಗೆ. 1900ರ ಗುಜರಾತಿನ ಬರದ ನಂತರ ಅಲ್ಲಿ ಸುಮಾರು 2000 ಜನ ಇದ್ದರು. ಈ ಕೆಲಸಕ್ಕೆ ಏಕೆ ಇಳಿದೆನೆಂದು ವಿವರಿಸುವಾಗಲೇ ಅವರು ತಮ್ಮ ಎಳೆಯ ದಿನಗಳ ಬರಗಾಲದ ಅನುಭವವನ್ನು ವಿವರವಾಗಿ ಬರೆದರು. ರಾಯಚೂರಿನ ರೊಟ್ಟಿಯ ತುಂಡು ಕಾಗದದ ಮೇಲೆ ಬಂದದ್ದು ಆಗ, ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಬೇರೆ ಹಸಿದ ಮಕ್ಕಳಿಗೆ ಅನ್ನ ಹಾಕಬೇಕಾದ ಹೊತ್ತಿನಲ್ಲಿ.

ಇದರಿಂದ ನಾನು ಕಲಿತದ್ದು ಹೀಗಿದೆ. ಹಸಿದ ಹುಡುಗಿ ಬಾಯಿಬಿಟ್ಟು ಕೇಳುವುದಿಲ್ಲವೆಂಬುದನ್ನು ಹೊಟ್ಟೆ ತುಂಬಿದ ದಾನಿಗಳಿಗೆ ಯಾರಾದರೂ ಹೇಳಿಕೊಡಬೇಕು, ರಮಾಬಾಯಿಯವರಿಗೆ ಹೇಳಿಕೊಡಬೇಕಾಗಿರಲಿಲ್ಲ. ದೇವರು ಬಳಸಿದ್ದು ಅವರ ನೋವಿನ ಕಥೆಯನ್ನಲ್ಲ, ಆ ನೋವು ಅವರಲ್ಲಿ ಬಿಟ್ಟುಹೋದ ಗುರುತು ಹಿಡಿಯುವ ಕಣ್ಣನ್ನು. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಮೊದಲಿಗೇ, ನಾವು ಸಂಕಟದಲ್ಲಿದ್ದಾಗ ದೇವರಿಂದ ಪಡೆದ ಆದರಣೆಯಿಂದಲೇ, ಎಂದರೆ ಸಾಂತ್ವನದಿಂದಲೇ, ಸಂಕಟದಲ್ಲಿರುವ ಬೇರೆಯವರನ್ನು ಆದರಿಸಲು ಶಕ್ತರಾಗುತ್ತೇವೆ ಎನ್ನುತ್ತಾನೆ. ಪಡೆದದ್ದನ್ನೇ ಕೊಡುವುದು. ಪಡೆಯದೆ ಕೊಡಲು ಹೊರಟವರ ಆದರಣೆ ಎಷ್ಟು ತೆಳುವಾಗಿರುತ್ತದೆ ಎಂಬುದನ್ನು ಸಾವಿನ ಮನೆಯಲ್ಲಿ ಕೂತ ಯಾರಾದರೂ ಬಲ್ಲರು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮುಕ್ತಿ ಮಿಷನ್ ಹುಟ್ಟಲೆಂದೇ ದೇವರು ಲಕ್ಷ್ಮೀಬಾಯಿಯವರನ್ನು ಹಸಿವಿನಿಂದ ಸಾಯಿಸಿದನು ಎಂದು ಯಾರಾದರೂ ಬೋಧಿಸಿದರೆ ನಾನು ಒಪ್ಪುವುದಿಲ್ಲ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಹಿತಕ್ಕಾಗಿ ಕೂಡಿಬರುತ್ತದೆಂಬ ರೋಮಾಪುರದವರ ಪತ್ರದ ಎಂಟನೆಯ ಅಧ್ಯಾಯದ ಮಾತನ್ನು ನೊಂದವರ ಬಾಯಿ ಮುಚ್ಚಿಸಲು ಬಳಸುವುದನ್ನು ನಾನು ಹಲವು ಸಲ ನೋಡಿದ್ದೇನೆ, ಅದು ನನಗೆ ತುಂಬಾ ನೋವು ಕೊಡುತ್ತದೆ. ಬೈಬಲ್ಲಿನ ಯೋಸೇಫನು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ), ತನ್ನನ್ನು ಮಾರಿದ್ದ ಅಣ್ಣಂದಿರ ಮುಂದೆ ನಿಂತು, ನೀವು ನನಗೆ ಕೇಡನ್ನೇ ಬಗೆದಿರಿ ಎಂದು ಮೊದಲು ಹೇಳಿದನು, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದನೆಂದು ಆಮೇಲೆ ಹೇಳಿದನು. ಬಾವಿಗೆ ತಳ್ಳಿದ್ದು, ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದ್ದು ಕೇಡಾಗಿಯೇ ಉಳಿಯಿತು. ಅದನ್ನು ಕೇಡೆಂದು ಕರೆಯುವ ಧೈರ್ಯ ಇದ್ದುದರಿಂದಲೇ ಅವನ ಕ್ಷಮೆಗೆ ತೂಕ ಬಂತು.

ಇನ್ನು, ಹಿಂದಿನ ಬದುಕೆಂದರೆ ಪಾಪವೂ ದುಃಖವೂ ಮಾತ್ರ ಎಂದು ನಾವು ಏಕೆ ತಿಳಿದಿದ್ದೇವೋ ನನಗೆ ಅರ್ಥವಾಗುವುದಿಲ್ಲ. ರಮಾಬಾಯಿಯವರ ಕೊನೆಯ ದೊಡ್ಡ ಕೆಲಸ ಬೈಬಲ್ಲನ್ನು ಮರಾಠಿಗೆ ತಂದದ್ದು. ಹೀಬ್ರೂ ಮತ್ತು ಗ್ರೀಕ್ ಕಲಿತು, ಹದಿನೈದು ವರ್ಷಕ್ಕೂ ಮಿಕ್ಕಿ ಕೂತು, ಮೂಲದಿಂದಲೇ ಅನುವಾದಿಸಿದರು. ಮೊಳೆ ಜೋಡಿಸಿ ಮುದ್ರಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. ಸಂಸ್ಕೃತದ ಅಷ್ಟು ದೊಡ್ಡ ಪಂಡಿತೆ ಹಳ್ಳಿಯ ಹೆಂಗಸಿಗೆ ತಿಳಿಯುವ ಸರಳ ಮರಾಠಿಯನ್ನೇ ಹುಡುಕಿ ಬರೆದರು. ಯಾವ ಸಂಸ್ಕೃತ ಪದವನ್ನು ಬಿಡಬೇಕೆಂದು ತಿಳಿಯಲು ಸಂಸ್ಕೃತ ಗೊತ್ತಿರಬೇಕಲ್ಲವೇ? ಆ ವಿದ್ಯೆ ಬಂದದ್ದು ಎಲ್ಲಿಂದ? ಯೇಸುವಿನ ಹೆಸರನ್ನು ಎಂದೂ ಹಿಡಿಯದ ಒಬ್ಬ ಶಾಸ್ತ್ರಿ ಊರಿಗೆ ಊರೇ ಬೈದರೂ ಹೆಂಡತಿಗೆ ಅಕ್ಷರ ಕಲಿಸಿದ್ದರಿಂದ, ಆ ತಾಯಿ ಹಾದಿಯುದ್ದಕ್ಕೂ ಮಗಳಿಗೆ ಹೇಳಿಕೊಟ್ಟಿದ್ದರಿಂದ. ರಕ್ಷಣೆ ಹೊಂದುವ ಮೊದಲಿನದೆಲ್ಲ ಬರೀ ಕತ್ತಲೆ ಎಂದು ನಮ್ಮಲ್ಲಿ ಸಾಕ್ಷಿ ಹೇಳುವವರು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಅನಂತಶಾಸ್ತ್ರಿಗಳನ್ನು ನೆನೆದಾಗ ನನಗೆ ಹಾಗೆ ಹೇಳಲು ನಾಲಿಗೆ ಬರುವುದಿಲ್ಲ. ಪೌಲನೂ ತನ್ನ ಹಿಂದಿನ ಹೆಚ್ಚುಗಾರಿಕೆಯನ್ನೆಲ್ಲ ಕ್ರಿಸ್ತನಿಗಾಗಿ ನಷ್ಟವೆಂದು ಎಣಿಸಿದೆನೆಂದು ಫಿಲಿಪ್ಪಿಯವರಿಗೆ ಬರೆದನು. ಆದರೂ ಯೆಹೂದಿ ಗುರು ಗಮಲಿಯೇಲನ ಪಾದದ ಬಳಿ ಕಲಿತ ಧರ್ಮಶಾಸ್ತ್ರ ಅವನ ಪತ್ರಗಳ ತುಂಬ ಇದೆ, ರೋಮ್ ಪೌರತ್ವ ಅವನನ್ನು ಚಾಟಿಯೇಟಿನಿಂದ ಉಳಿಸಿತು, ಕೊರಿಂಥದಲ್ಲಿ ಗುಡಾರ ಹೊಲಿಯುವ ಕಸುಬು ಅವನ ಹೊಟ್ಟೆ ಹೊರೆಯಿತು. ನಷ್ಟವೆಂದು ಎಣಿಸಿದ್ದನ್ನು ಅವನು ಎಸೆಯಲಿಲ್ಲ, ಅದನ್ನು ನೆಚ್ಚಿಕೊಂಡು ಬದುಕುವುದನ್ನು ಬಿಟ್ಟನು.

1921ರಲ್ಲಿ ಮಗಳು ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡರು. ನಮ್ಮ ಗುಲ್ಬರ್ಗಾದಲ್ಲಿ ಶಾಲೆ ಕಟ್ಟಲು ದುಡಿದವರು ಅವರು. ಅನುವಾದ ಮುಗಿಸಿ 1922ರ ಏಪ್ರಿಲ್ 5ರಂದು ರಮಾಬಾಯಿಯೂ ಕಣ್ಣುಮುಚ್ಚಿದರು. ರಾಯಚೂರಿನಿಂದ ಪುಣೆಗೆ ಹೋಗುವ ರೈಲು ಗುಲ್ಬರ್ಗಾ, ಸೊಲ್ಲಾಪುರ, ದೌಂಡ್ ದಾಟಿ ಕೇಡಗಾಂವದ ಮೇಲೆಯೇ ಹೋಗುತ್ತದೆ. ಆ ಹಾದಿಯಲ್ಲಿ ಹೋದಾಗಲೆಲ್ಲ ನಾನು ಕಿಟಕಿಯ ಬದಿಗೆ ಜಾಗ ಕೇಳಿ ಪಡೆಯುತ್ತೇನೆ.

ಈಗ ನನ್ನ ಮಾತು. ಒಂಬತ್ತು ವರ್ಷದ ಗಲ್ಲಾ ನನಗೆ ಏನು ಕಲಿಸಿತ್ತೆಂದು ನಾನು ಎಂದೂ ಯೋಚಿಸಿರಲಿಲ್ಲ. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಕೆಲವರು ಬಂದು ನಿಲ್ಲುತ್ತಿದ್ದರು. ಪಾಕೀಟನ್ನು ಹಲ್ಲಿನಿಂದ ಹರಿಯಬೇಕೆಂದರೆ ಕೈ ನಡುಗಿ ಅರ್ಧ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಒಳಗೆ ಹೋದ ಹತ್ತು ನಿಮಿಷಕ್ಕೆ ಅದೇ ಕೈ ನಿಂತು ಬೀಡಿ ಹಚ್ಚುತ್ತಿತ್ತು. ಯಾರಿಗೆ ಯಾವ ವಾರ ಬಟವಾಡೆ, ಯಾರ ಹೆಂಡತಿ ತಾಮ್ರದ ಕೊಡ ಒತ್ತಿ ಇಟ್ಟಳು, ಯಾರು ಉದ್ರಿ ತೀರಿಸಲು ಬಿತ್ತನೆ ಬೀಜ ಮಾರಿದರು ಎಂಬುದೆಲ್ಲ ನನ್ನ ಉದ್ರಿ ಪುಸ್ತಕದಲ್ಲಿತ್ತು. ಒಮ್ಮೆ ನಾಲ್ಕು ದಿನ ಅಂಗಡಿಗೆ ಮಾಲು ಬರಲಿಲ್ಲ. ಎರಡನೆಯ ದಿನ ಒಬ್ಬ ಹಮಾಲನಿಗೆ ಬಾಗಿಲ ಮುಂದೆಯೇ ಫಿಟ್ಸ್ ಬಂತು. ಮೂರನೆಯ ದಿನ ಇನ್ನೊಬ್ಬ ಗೋಡೆಯ ಮೇಲೆ ಇರುವೆ ಹರಿಯುತ್ತಿವೆಯೆಂದು ಇಲ್ಲದ ಇರುವೆಗಳನ್ನು ಕೈಯಿಂದ ಒರೆಸುತ್ತ ಕೂತಿದ್ದ.

ಸಭೆ ಸೇರಿ ಕೆಲವು ವರ್ಷಗಳಾದ ಮೇಲೆ ಒಂದು ಉಪವಾಸ ಕೂಟದಲ್ಲಿ, ಬೇರೆ ಕಡೆಯಿಂದ ಬಂದಿದ್ದ ಬೋಧಕರೊಬ್ಬರು ಒಬ್ಬ ಕುಡುಕನ ತಲೆಯ ಮೇಲೆ ಕೈಯಿಟ್ಟು, ಈ ಕ್ಷಣದಿಂದ ಒಂದು ತೊಟ್ಟೂ ಮುಟ್ಟಬೇಡ ಎಂದು ಪ್ರಾರ್ಥಿಸಿ ಮನೆಗೆ ಕಳಿಸಿದರು. ಎಲ್ಲರೂ ಸ್ತೋತ್ರ ಹೇಳಿದರು. ನನಗೆ ಮಾತ್ರ ಎದೆ ಬಡಿದುಕೊಳ್ಳಲು ಶುರುವಾಯಿತು, ಏಕೆಂದರೆ ಇಪ್ಪತ್ತು ವರ್ಷ ಕುಡಿದ ಮೈ ಒಮ್ಮೆಲೇ ಬಿಟ್ಟರೆ ಎರಡನೆಯ ದಿನ ಏನಾಗಬಹುದೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅಂದು ರಾತ್ರಿ ಅವನ ಮನೆಗೆ ಹೋಗಿ ಹೊರಗೆ ಕೂತೆ. ಬೆಳಗಿನ ಜಾವ ಅವನು ಬೆವರಿ ನಡುಗತೊಡಗಿದಾಗ ಸರ್ಕಾರಿ ಆಸ್ಪತ್ರೆಗೆ ಸೇರಿಸಿದೆವು. ಔಷಧ ಕೊಟ್ಟು ಐದಾರು ದಿನ ಇಟ್ಟುಕೊಂಡರು, ಉಳಿದುಕೊಂಡ. ಅವನ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾಗ ನನಗೆ ರಾಯಚೂರಿನ ರೊಟ್ಟಿಯ ತುಂಡು ನೆನಪಾಯಿತು. ಸಾಕ್ಷಿಯ ವೇದಿಕೆಯ ಮೇಲೆ ನಾನು ಅಷ್ಟು ಸಲ ಹೇಳಿದ್ದರಲ್ಲಿ ಎಲ್ಲಿಯೂ ಬಾರದಿದ್ದ ಒಂದು ಸಣ್ಣ ತಿಳಿವಳಿಕೆಯನ್ನು ದೇವರು ಎತ್ತಿಕೊಂಡಿದ್ದನು. ಅಂದಿನಿಂದ ನನ್ನ ಸೇವೆ ಇದೇ. ಬಿಡಲು ಮನಸ್ಸು ಮಾಡಿದವನನ್ನು ಮೊದಲು ಡಾಕ್ಟರ ಬಳಿಗೆ ಕರೆದೊಯ್ಯುತ್ತೇನೆ, ಆಮೇಲೆ ಪ್ರಾರ್ಥನೆಗೆ ಕೂರುತ್ತೇನೆ, ಬಟವಾಡೆಯ ಸಂಜೆ ಅವನ ಜೊತೆಗೆ ಮನೆಯವರೆಗೆ ನಡೆಯುತ್ತೇನೆ.

ಆದರೆ ಇದೆಲ್ಲವನ್ನೂ ಬರೆದು, ನನ್ನ ಹಿಂದಿನದನ್ನು ದೇವರು ಬಳಸಿಕೊಂಡನೆಂದು ಹೇಳಿ ನಾನು ಹಗುರಾಗಲು ಸಾಧ್ಯವಿಲ್ಲ. ಸುಂಕದವನಾಗಿದ್ದ ಜಕ್ಕಾಯನು ಯೇಸುವನ್ನು ಮನೆಗೆ ಬರಮಾಡಿಕೊಂಡ ದಿನವೇ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದನು. ನನ್ನ ಕೈಯಿಂದ ಹಾಳಾದ ಮನೆಗಳಿಗೆ ನಾಲ್ಕರಷ್ಟು ಕೊಡುವ ಶಕ್ತಿ ನನಗಿಲ್ಲ. ಉದ್ರಿ ಪುಸ್ತಕದಲ್ಲಿದ್ದ ಹೆಸರುಗಳಲ್ಲಿ ನೆನಪಿದ್ದಷ್ಟನ್ನು ಬರೆದುಕೊಂಡು ಒಂದೊಂದೇ ಮನೆಗೆ ಹೋದೆ. ಕೆಲವರು ಕೂರಿಸಿ ಚಹಾ ಕೊಟ್ಟರು. ಒಬ್ಬ ಹಿರಿಯ ಹೆಣ್ಣುಮಗಳು ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಕೇಳಿ, "ನಿನ್ನ ದೇವರು ನಿನಗ ಮಾಫಿ ಮಾಡ್ಯಾನಂತಿ, ಚಲೋ ಆತು. ನನ್ನ ಬೋರಮಾಳ ಯಾರು ತಂದ್ಕೊಡ್ತಾರಪಾ?" ಎಂದಳು. ಅವಳ ಗಂಡ ನಮ್ಮ ಅಂಗಡಿಯ ಉದ್ರಿಗೆ ಆ ಸರ ಮಾರಿದ್ದನು, ಅದರ ಹಣವನ್ನು ಎಣಿಸಿ ಜಮಾ ಬರೆದುಕೊಂಡದ್ದು ನನ್ನ ಕೈ. ಅವನು ಈಗ ಬದುಕಿಲ್ಲ. ನಾನು ಏನೂ ಹೇಳದೆ ಬಂದೆ. ಅವಳ ಪ್ರಶ್ನೆಗೆ ವಾಕ್ಯದಿಂದ ಉತ್ತರ ಹುಡುಕುವುದು ಅವಳಿಗೆ ಮಾಡುವ ಇನ್ನೊಂದು ಅನ್ಯಾಯವೆಂದು ನನಗೆ ಅನಿಸಿತು. ಕೈಲಾದಷ್ಟು ಹಣವನ್ನು ಪ್ರತಿ ತಿಂಗಳು ಅವಳ ಸೊಸೆಯ ಕೈಗೆ ಕೊಟ್ಟುಬರುತ್ತೇನೆ. ಅವಳು ಬೇಡವೆಂದಿಲ್ಲ, ಮಾತೂ ಆಡಿಲ್ಲ.

ಕಳೆದ ತಿಂಗಳು ಒಂದು ಬೆಳಗ್ಗೆ ಆ ಮನೆಯಿಂದ ಮೊಮ್ಮಗ ಓಡಿಬಂದ. ಅವಳ ಮಗನೂ ಕುಡಿತಕ್ಕೆ ಬಿದ್ದಿದ್ದನು, ಮೂರು ದಿನದಿಂದ ಬಿಟ್ಟಿದ್ದನಂತೆ, ಮೈಯೆಲ್ಲ ನಡುಗುತ್ತಿದೆ, ಯಾರ ಗುರುತೂ ಹತ್ತುತ್ತಿಲ್ಲ ಎಂದ. ಹೋಗುವಾಗಲೇ 108ಕ್ಕೆ ಫೋನ್ ಮಾಡಿದೆ. ಗಾಡಿ ಬರುವವರೆಗೆ ಅವನನ್ನು ಮಗ್ಗುಲಾಗಿ ಮಲಗಿಸಿ ಹಿಡಿದುಕೊಂಡೆವು, ತಲೆಯ ಕಡೆ ಅವಳು, ಕಾಲಿನ ಕಡೆ ನಾನು. ಆಂಬ್ಯುಲೆನ್ಸಿನಲ್ಲಿ ಅವಳು ನನ್ನ ಮುಖ ನೋಡದೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆಂದು ಮಾತ್ರ ಕೇಳಿದಳು. ಆರೇಳು ದಿನ ಎಂದೆ. ಎಂಟನೆಯ ದಿನ ಡಿಸ್ಚಾರ್ಜ್ ಆಯಿತು. ಅವನು ಮತ್ತೆ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದಾನೆ, ನಾಳೆ ಶನಿವಾರ, ಅವರಿಗೆ ಬಟವಾಡೆಯ ದಿನ. ಸಂಜೆ ಆರರೊಳಗೆ ನಾನು ಅಲ್ಲಿರಬೇಕು.